ಮಾಯಿಲಪ್ಪಣ್ಣನ ಒನ್ಸ್ ಮೋರ್

"ಅಮ್ಮಾ, ಮಾಯಿಲಪ್ಪಜ್ಜ ಹಾಡು ಕೇಳುವಾಗ ಬಾಯಿಗೆ ಯಾಕೆ ಟವೆಲ್ ಕಟ್ಕೋತಾರೆ? ಹಾಡು ಬೇಡಾಂದ್ರೆ ಕಿವಿಗಲ್ವಾ ಕಟ್ಕೋಬೇಕು?"

ದಿವ್ಯಶ್ರೀ ಇದನ್ನು ಕೇಳಿದಾಗ ನಾನು ಅವಳಿಗೆ ಎರಡನೇ ಜಡೆ ಹೆಣೆಯುತ್ತಿದ್ದೆ. ಹಿಂದಿನ ದಿನ ಅವಳ ಶಾಲೆಯ ವಾರ್ಷಿಕೋತ್ಸವ. ಪುಟಾಣಿಗಳೆಲ್ಲ ಸೇರಿ ಸ್ವಾಗತಗೀತೆಯನ್ನು ತಮಗೆ ತೋಚಿದ ಶ್ರುತಿಯಲ್ಲಿ ಹಾಡುವಾಗ, ಕೊನೆಯ ಸಾಲಿನಲ್ಲಿ ಮಾಯಿಲಪ್ಪಣ್ಣ ಕೆಂಪು ಚೌಕಳಿಯ ಟವೆಲನ್ನು ಬಾಯಿಯ ಮೇಲೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡು, ಕಣ್ಣರಳಿಸಿ ಕೂತಿದ್ದರು. ಅವರ ಮನೆಯ ಮಕ್ಕಳು ಯಾರೂ ಆ ಶಾಲೆಯಲ್ಲಿಲ್ಲ. ಮೈಕಿನಲ್ಲಿ ಯಾರೋ ಹಾಡುತ್ತಾರೆ ಎಂದು ತಿಳಿದರೆ ಸಾಕು, ಬರುತ್ತಾರೆ.

"ಅಜ್ಜನಿಗೆ ಶೀತ" ಎಂದು ಹೇಳಿ ಅವಳ ಬಾಯಿಗೆ ಇಡ್ಲಿ ತುರುಕಿದೆ. ಗೇಟಿನ ಹತ್ತಿರ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ನಿಜವಾದ ಉತ್ತರ ಹೇಳಿ ಮುಗಿಯುವವರೆಗೆ ಯಾವ ವ್ಯಾನೂ ಕಾಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಮಾಯಿಲಪ್ಪಣ್ಣ ಕೊಡಗಿನ ಅಮ್ಮತ್ತಿ ಹತ್ತಿರ ನಾವಿರುವ ಕಾಫಿ ಎಸ್ಟೇಟಿನ ಮೇಸ್ತ್ರಿ. ನಮ್ಮ ಮನೆಯವರು, ಲೋಕೇಶ್, ಅದೇ ಎಸ್ಟೇಟಿನ ರೈಟ್ರು. ಹಾಜರಿ ಕರೆಯುವುದು, ತೂಕ ಬರೆದುಕೊಳ್ಳುವುದು ಅವರ ಕೆಲಸ. ಹಾಗಾಗಿ ನಾನು ಎಲ್ಲರಿಗೂ ರೈಟ್ರಮ್ಮ. ಕುಶಾಲನಗರದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಎಂದುಕೊಳ್ಳುತ್ತಿದ್ದೆ. ಈಗ ತವರಿನವರು ನನ್ನ ಹೆಸರು ಕರೆದರೆ ತಿರುಗುವುದು ತಡವಾಗುತ್ತದೆ.

ಪಿಕ್ಕಿಂಗ್ ಕಾಲದಲ್ಲಿ ಸಂಜೆಯಾಗುತ್ತಲೇ ಮಾಯಿಲಪ್ಪಣ್ಣ ತೋಟದ ನಡುವಿನ ಬಂಡೆ ಹತ್ತಿ ನಿಂತು ಒಂದು ಕೂ ಹಾಕುತ್ತಾರೆ. ಅದರಲ್ಲಿ ಮಾತಿಲ್ಲ, ಬರೀ ಕೂ. ಕೆಳಗಿನಿಂದ ಎದ್ದು, ಸಿಲ್ವರ್ ಮರಗಳ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಮೆಲ್ಲಗೆ ತೋಡಿನ ನೀರಿನ ಕಡೆಗೆ ಇಳಿಯುವ ಕೂ. ಅದು ಕಿವಿಗೆ ಬಿದ್ದದ್ದೇ ಕಾಫಿ ಕುಯ್ಯುವವರೆಲ್ಲ ಚೀಲ ಹೊತ್ತು ತೂಕದ ಜಾಗಕ್ಕೆ ಓಡಿ ಸಾಲು ನಿಲ್ಲುತ್ತಾರೆ. ಮೊದಲು ನಿಂತವರಿಗೆ ಮೊದಲು ತೂಕ, ಮೊದಲು ತೂಕವಾದವರಿಗೆ ಮೊದಲು ಮನೆ. ಒಲೆ ಹಚ್ಚುವ ಅವಸರ ಯಾರಿಗಿಲ್ಲ? ನಾನೂ ಆ ಕೂ ಕೇಳಿದ ಮೇಲೆಯೇ ಕಾಫಿಗೆ ನೀರಿಡುವುದು. ತೂಕ ಮುಗಿಸಿ ಇವರು ಮನೆ ಸೇರುವುದಕ್ಕೂ ಡಿಕಾಕ್ಷನ್ ಇಳಿಯುವುದಕ್ಕೂ ಸರಿಯಾಗುತ್ತದೆ. ಎಸ್ಟೇಟಿನ ನಾಯಿ ಟೈಗರ್ ಕೂಡ ಕೂ ಕೇಳಿದರೆ ಎಲ್ಲಿದ್ದರೂ ಎದ್ದು ತಕ್ಕಡಿಯ ಪಕ್ಕ ಬಂದು ಕೂರುತ್ತದೆ. ಬುತ್ತಿಯಲ್ಲಿ ಉಳಿದದ್ದನ್ನು ಅಲ್ಲಿಯೇ ಅದಕ್ಕೆ ಹಾಕುವುದು.

ಈ ಕೂ ಮಾಯಿಲಪ್ಪಣ್ಣನ ಉದ್ಯೋಗ. ಆದರೆ ಅವರು ಬದುಕುವುದು ಹಾಡಿಗಾಗಿ, ಅದರಲ್ಲೂ ಎದುರಿಗೆ ನಿಂತು ಹಾಡುವ ಹಾಡಿಗಾಗಿ. ಫೋನಿನಲ್ಲಿ ಬರುವ ಹಾಡು ಅವರಿಗಾಗುವುದಿಲ್ಲ. "ಫೋನಿನಲ್ಲಿ ಹಾಡುವವರು ಕೆಮ್ಮುವುದಿಲ್ಲ, ನೀರು ಕುಡಿಯುವುದಿಲ್ಲ, ಸಾಲು ಮರೆಯುವುದಿಲ್ಲ. ಅಂಥವರನ್ನು ಎಂಥ ನಂಬೋದು?" ಎನ್ನುತ್ತಾರೆ. ರಸಮಂಜರಿ ಎಲ್ಲಿದ್ದರೂ ಅವರು ಅಲ್ಲಿರುತ್ತಾರೆ. ಒಮ್ಮೆ ಗಾನಮೇಳ ಕೇಳಲು ಮಾಕುಟ್ಟ ದಾಟಿ ಕೇರಳಕ್ಕೂ ಹೋಗಿದ್ದರು. ಚೆಕ್‌ಪೋಸ್ಟಿನವರು ಅವರ ಚೀಲ ಬಿಚ್ಚಿಸಿದಾಗ ಸಿಕ್ಕಿದ್ದು ಒಂದು ದಿಂಬು, ಎರಡು ಅಕ್ಕಿ ರೊಟ್ಟಿ, ಒಂದು ಮಡಚುವ ಸ್ಟೂಲು.

"ಎಲ್ಲಿಗೆ?"

"ಹಾಡು ಕೇಳ್ಲಿಕ್ಕೆ."

"ಮಲಯಾಳ ಬರ್ತದಾ?"

"ಹಾಡುವವರಿಗೆ ಬರ್ತದಲ್ಲ ಸಾರ್, ಸಾಕು."

ದಿಂಬನ್ನು ಎರಡೆರಡು ಸಲ ಹಿಸುಕಿ ನೋಡಿ ಬಿಟ್ಟರಂತೆ.

ನೋಡಿದ ಕಾರ್ಯಕ್ರಮಗಳನ್ನೆಲ್ಲ ಅವರು ನೆನಪಿಟ್ಟುಕೊಂಡಿರುವುದು ಅಲ್ಲಾದ ಎಡವಟ್ಟುಗಳಿಂದ. ಕರೆಂಟು ಹೋದದ್ದು ತಿಳಿಯದೆ ಗಾಯಕ ಕಣ್ಣು ಮುಚ್ಚಿ ಬಾಯಿ ಆಡಿಸುತ್ತಲೇ ಇದ್ದ ಊರು. ಮಂಜು ಇಳಿದು ತಬಲದಿಂದ ಒದ್ದೆ ಬಟ್ಟೆ ಒಗೆದ ಸದ್ದು ಬಂದ ಊರು. ಸನ್ಮಾನಗಳು ಮುಗಿಯುವಷ್ಟರಲ್ಲಿ ತಂಡದವರೇ ವ್ಯಾನಿನಲ್ಲಿ ನಿದ್ದೆ ಹೋಗಿ, ಸನ್ಮಾನ ಮಾಡಿಸಿಕೊಂಡವರೇ ಒಂದು ಭಜನೆ ಹೇಳಿ ಮುಗಿಸಿದ ಊರು. ಇವನ್ನೆಲ್ಲ ಹೇಳುವಾಗ ಅವರ ಮುಖ ನೋಡಬೇಕು, ಮಗಳ ಮದುವೆಯ ಊಟ ವರ್ಣಿಸಿದ ಹಾಗೆ.

ಇನ್ನು ಅವರದೊಂದು ಸಿದ್ಧಾಂತ ಇದೆ. ಅದು ಗೊತ್ತಿಲ್ಲದಿದ್ದರೆ ಟವೆಲಿನ ಕಥೆ ಅರ್ಥವಾಗುವುದಿಲ್ಲ.

"ಮೊದಲ ಸಲ ಹಾಡುವುದು ನೋಡ್ಲಿಕ್ಕೆ, ರೈಟ್ರಮ್ಮ" ಎಂದು ಒಮ್ಮೆ ನಮ್ಮ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ವಿವರಿಸಿದ್ದರು. "ಸೀರೆ ಯಾವುದು, ಮೈಕಿನ ಎತ್ತರ ಸರಿ ಉಂಟಾ, ಡೋಲಕಿನವನು ಹೆಂಡತಿ ಹತ್ರ ಜಗಳ ಮಾಡಿ ಬಂದಿದ್ದಾನಾ, ಇದೆಲ್ಲ ನೋಡಿ ಮುಗೀಬೇಕಲ್ಲ? ಅಷ್ಟರಲ್ಲಿ ಹಾಡು ಮುಗೀತು. ಎರಡನೇ ಸಲ ಹಾಡುವುದು ಕೇಳ್ಲಿಕ್ಕೆ. ಕಣ್ಣು ಮುಚ್ಚಿ."

"ಮೊದಲನೇ ಸಲಾನೇ ಕಣ್ಣು ಮುಚ್ಕೊಂಡ್ರೆ ಆಯ್ತಪ್ಪ. ಒಂದೇ ಸಲಕ್ಕೆ ಕೆಲಸ ಮುಗೀತದೆ."

ಅವರಿಗೆ ನಿಜಕ್ಕೂ ಬೇಸರವಾಯಿತು. "ಅವರು ಅಷ್ಟು ದೂರದಿಂದ ಜರಿ ಸೀರೆ ಉಟ್ಟು ಬಂದಿರ್ತಾರೆ. ಬಂದ ಕೂಡ್ಲೇ ನಾವು ಕಣ್ಣು ಮುಚ್ಚಿದ್ರೆ ಮರ್ಯಾದೆಯಾ?"

ಒಳಗೆ ನನ್ನ ಜೊತೆ ಅವರೆಕಾಳು ಬಿಡಿಸುತ್ತಿದ್ದ ಅವರ ಹೆಂಡತಿ ಗಂಗೆ ತಲೆ ಎತ್ತದೆ ಹೇಳಿದರು: "ನಾ ಹೇಳುವ ಮಾತೂ ಹಾಗೇ. ಯಾವತ್ತಾದ್ರೂ ಒಂದು ಸರ್ತಿಗೆ ಕೇಳಿಸಿದೆಯಾ ಇವ್ರಿಗೆ? ಮೊದಲನೇ ಸರ್ತಿ ಬರೀ ನೋಡ್ತಾರೆ."

ಆದ್ದರಿಂದ ಒನ್ಸ್ ಮೋರ್ ಎನ್ನುವುದು ಮಾಯಿಲಪ್ಪಣ್ಣನಿಗೆ ಮೆಚ್ಚುಗೆಯಲ್ಲ, ಅಗತ್ಯ. ಅದಿಲ್ಲದೆ ಹೋದರೆ ಅವರು ಹಾಡು ಕೇಳಿಯೇ ಇಲ್ಲ ಎಂದರ್ಥ. ಮೊದಲೆಲ್ಲ ಮೂಲೆ ಮೂಲೆಯಿಂದ ಕೂಗುವವರಿದ್ದರು. ಈಗ ಎಲ್ಲರ ಕೈಯಲ್ಲೂ ಫೋನು. "ರೆಕಾರ್ಡ್ ಆಗಿದೆಯಲ್ಲ, ಮನೆಗೆ ಹೋಗಿ ಮತ್ತೆ ನೋಡಿದ್ರಾಯ್ತು" ಎಂದು ಸುಮ್ಮನಿರುತ್ತಾರೆ. ಇಡೀ ಅಮ್ಮತ್ತಿಗೆ ಕೂಗುವ ಗಂಟಲು ಎಂದು ಉಳಿದದ್ದು ಇವರದೊಂದೇ. ಹೋದ ವರ್ಷದ ಜನವರಿಯವರೆಗೆ.

ಆ ಸಂಜೆ ಇಲ್ಲಿನ ಗೆಳೆಯರ ಸಂಘದ ವಾರ್ಷಿಕೋತ್ಸವ. ಮೈದಾನದಲ್ಲಿ ರಸಮಂಜರಿ. ನಾನು ದಿವ್ಯಾಳಿಗೆ ಎರಡು ಸ್ವೆಟರ್ ಹಾಕಿ, ಮೂರನೆಯದನ್ನು ಚೀಲದಲ್ಲಿಟ್ಟುಕೊಂಡು, ಹಾಸಲು ಒಂದು ಹಳೆಯ ಬೆಡ್‌ಶೀಟ್ ಹಿಡಿದು ಹೋಗಿದ್ದೆ. ರೊಬಸ್ಟಾ ಕುಯ್ಲಿನ ಕಾಲ. ಬೆಳಿಗ್ಗೆಯಿಂದ ತೋಟದಲ್ಲಿ ದುಡಿದು, ಕೈಕಾಲು ತೊಳೆದು ಹಾಗೇ ಬಂದವರೇ ಹೆಚ್ಚು. ನಮ್ಮ ಎಸ್ಟೇಟಿನ ಕೆಲಸದವರ ಲೈನುಮನೆಗಳೆಲ್ಲ ಖಾಲಿಯಾಗಿ ಇಲ್ಲೇ ಕೂತ ಹಾಗಿತ್ತು. ಅರ್ಧ ಜನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಮಡಿಲಲ್ಲಿ ಮಕ್ಕಳ ಬಟ್ಟೆಯ ಚೀಲ.

ಮೈಸೂರಿನ ಕಡೆಯ ತಂಡ. ಅದರಲ್ಲಿ ಸರ್ವಮಂಗಳ ಎಂಬ ಗಾಯಕಿ. ವಯಸ್ಸು ಐವತ್ತು ದಾಟಿರಬಹುದು, ಹಸಿರು ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡಿದ್ದರು. ಹಳೆಯದೊಂದು ಸಿನಿಮಾ ಹಾಡು ಎತ್ತಿಕೊಂಡರು. ಚರಣದಲ್ಲಿ ಒಂದು ಕಡೆ ಸ್ವರ ಮೇಲೇರಿ, ಇನ್ನೇನು ಬೀಳುತ್ತದೆ ಎನ್ನುವಲ್ಲಿ ಬೀಳದೆ ನಿಲ್ಲುತ್ತದೆ. ನಾನು ದಿವ್ಯಾಳ ಮೂಗು ಒರೆಸುತ್ತಿದ್ದವಳು ಕೈ ಹಾಗೆಯೇ ಹಿಡಿದುಬಿಟ್ಟೆ. ಪಾಪ, ಮಗು ಉಸಿರಾಡಲು ಒದ್ದಾಡಿತು.

ಹಾಡು ಮುಗಿಯಿತು. ಮಾಯಿಲಪ್ಪಣ್ಣ ಎದ್ದು ನಿಂತರು. ಕಣ್ಣಲ್ಲಿ ನೀರು. ಒನ್ಸ್ ಮೋರ್ ಎನ್ನಲು ಬಾಯಿ ತೆರೆದರು. ಸಂತೋಷ ಜಾಸ್ತಿಯಾಯಿತೋ, ಗಂಟಲಿಗೆ ದಾರಿ ತಪ್ಪಿತೋ, ಒಳಗಿನಿಂದ ಹೊರಟದ್ದು ಕೂ.

ಅದೇ ಕೂ. ಕೆಳಗಿನಿಂದ ಎದ್ದು ಶಾಮಿಯಾನದ ನೆತ್ತಿಯ ಮೇಲೆ ಕೂತು ಮೆಲ್ಲಗೆ ಇಳಿಯಿತು.

ಇಡೀ ಲೈನಿನವರು ಎದ್ದರು. ಅರ್ಧ ಜನರಿಗೆ ಎಚ್ಚರವೇ ಆಗಿರಲಿಲ್ಲ, ಕಾಲು ಮಾತ್ರ ಎದ್ದಿತ್ತು. ಕೈಗೆ ಸಿಕ್ಕಿದ ಚೀಲ ಹೊತ್ತುಕೊಂಡು ಒಬ್ಬರನ್ನೊಬ್ಬರು ತಳ್ಳುತ್ತಾ ಮುಂದಕ್ಕೆ ಓಡಿದರು. ವೇದಿಕೆಯ ಪಕ್ಕ ಬಹುಮಾನದ ಮೇಜು, ಅದರ ಮೇಲೆ ಮೂರು ಬಿದಿರು ನಿಲ್ಲಿಸಿ ಒಂದು ದೀಪ ತೂಗುಹಾಕಿದ್ದರು. ಎಸ್ಟೇಟಿನಲ್ಲಿ ತಕ್ಕಡಿ ತೂಗುಹಾಕುವುದೂ ಮೂರು ಬಿದಿರಿಗೇ. ಅದರ ಮುಂದೆ ಸಾಲು ನಿಂತುಬಿಟ್ಟಿತು. ನನ್ನ ಪಕ್ಕದಲ್ಲಿದ್ದ ಇವರು ಶರ್ಟಿನ ಜೇಬು ತಡಕುತ್ತಾ "ಏನೇ, ನನ್ನ ಪೆನ್ನೆಲ್ಲಿ?" ಎಂದು ಎದ್ದರು. ನಾನು ಅವರನ್ನು ನೋಡಿ ನಗಬೇಕೆಂದುಕೊಂಡರೆ, ನಾನೇ ಎದ್ದು ನಿಂತು ನೀರಿಡಲು ಪಾತ್ರೆ ಹುಡುಕುತ್ತಿದ್ದೆ. ವೇದಿಕೆಯ ಕೆಳಗಿನಿಂದ ಟೈಗರ್ ಬಂದು ಮೇಜಿನ ಪಕ್ಕ ತನ್ನ ಜಾಗದಲ್ಲಿ ಕೂತಿತು.

ಮೇಜಿನ ಹಿಂದೆ ಇದ್ದವರು ಆ ದಿನದ ಮುಖ್ಯ ಅತಿಥಿ ಪದ್ಮಯ್ಯನವರು. ಅವರಿನ್ನೂ ಭಾಷಣ ಮಾಡಿರಲಿಲ್ಲ. ಭಾಷಣಕ್ಕೆ ಮೊದಲೇ ಇಷ್ಟು ಜನ ತಮ್ಮ ಕಡೆ ಓಡಿ ಬಂದದ್ದು ಕಂಡು ಅವರು ಕೈ ಮುಗಿದು ಎದ್ದು ನಿಂತರು. ಸಾಲಿನ ಮೊದಲಿಗ ಮಾದ. ಅವನು ಯಾವತ್ತೂ ಮೊದಲು. ಕಣ್ಣು ಪೂರ್ತಿ ತೆರೆಯದೆ ತನ್ನ ಚೀಲವನ್ನು ಪದ್ಮಯ್ಯನವರ ಕೈಗೆ ಕೊಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಫೋಟೋದವನ ಕಡೆ ತಿರುಗಿ, "ಇದೆಲ್ಲ ಯಾಕೆ? ತುಂಬ ಭಾರ ಉಂಟಲ್ಲ" ಎಂದರು.

"ಹಸಿರು ಕಾಯಿ ಒಂದೂ ಇಲ್ಲ ಸಾರ್" ಎಂದ ಮಾದ. "ಎಲ್ಲ ಹಣ್ಣೇ."

ಚೀಲದಲ್ಲಿ ಇದ್ದದ್ದು ಅವನ ಮಗುವಿನ ಒದ್ದೆ ಚಡ್ಡಿ ಮತ್ತು ಒಂದು ಕಂಬಳಿ. ಪದ್ಮಯ್ಯನವರು ಅದನ್ನು ಟ್ರೋಫಿಗಳ ನಡುವೆ ಗೌರವದಿಂದ ಇಟ್ಟರು. ಎರಡನೆಯವಳು ತನ್ನ ಚೀಲ ಮುಂದೆ ಹಿಡಿದಳು.

ವೇದಿಕೆಯ ಮೇಲಿಂದ ಸರ್ವಮಂಗಳ ಇದನ್ನೆಲ್ಲ ನೋಡುತ್ತಿದ್ದರು. ನಿರೂಪಕನ ಕಡೆ ಬಗ್ಗಿ, ಮೈಕು ಹತ್ತಿರದಲ್ಲೇ ಇದ್ದದ್ದು ಮರೆತು, "ಊಟ ಶುರುವಾಯ್ತೇನಪ್ಪ?" ಎಂದರು. ಇಡೀ ಮೈದಾನಕ್ಕೆ ಕೇಳಿಸಿತು. ಊಟ ಎಂದ ಮೇಲೆ ನಿದ್ದೆಯಿಂದ ಏಳದಿದ್ದವರೂ ಎದ್ದು ಸಾಲಿಗೆ ಸೇರಿದರು. ಡೋಲಕಿನವನು ಇಳಿದ, ಕೀಬೋರ್ಡಿನವನು ಇಳಿದ, ಕೊನೆಗೆ ಸರ್ವಮಂಗಳ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದು ಸಾಲಿನ ತುದಿಯಲ್ಲಿ, ನನ್ನ ಹಿಂದೆಯೇ ನಿಂತರು. ನಾನು ಯಾವಾಗ ಸಾಲಿಗೆ ಸೇರಿದೆನೋ ನನಗೆ ಗೊತ್ತಿಲ್ಲ.

"ಏನ್ ಮಾಡವ್ರೆ ಊಟಕ್ಕೆ?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ ಮೇಡಂ. ಇದು ತೂಕ ಅನ್ಸತ್ತೆ" ಎಂದೆ.

ತಿರುಗಿ ನೋಡಿದರೆ, ಅಷ್ಟು ದೊಡ್ಡ ಮೈದಾನದ ಖಾಲಿ ಕುರ್ಚಿಗಳ ನಡುವೆ ಕೂತಿದ್ದವರು ಮಾಯಿಲಪ್ಪಣ್ಣ ಒಬ್ಬರೇ. ಕಣ್ಣು ಮುಚ್ಚಿದ್ದರು. ಎರಡನೇ ಸಲಕ್ಕೆ ಕಾಯುತ್ತಿದ್ದರು.

ಎಲ್ಲರನ್ನೂ ಎಬ್ಬಿಸಿ, ಚೀಲಗಳನ್ನು ಪದ್ಮಯ್ಯನವರ ಕೈಯಿಂದ ಬಿಡಿಸಿ, ಅವರವರಿಗೆ ಮುಟ್ಟಿಸುವಷ್ಟರಲ್ಲಿ ತಂಡದ ವ್ಯಾನು ಹೊರಡುವ ಹೊತ್ತಾಗಿತ್ತು. ಆ ಹಾಡು ಮತ್ತೆ ಹಾಡಲಿಲ್ಲ.

ಮಾರನೇ ದಿನ ಸಂಘದ ಅಧ್ಯಕ್ಷ ಉತ್ತಯ್ಯನವರು ನಮ್ಮ ಅಂಗಳದಲ್ಲೇ ಮಾಯಿಲಪ್ಪಣ್ಣನನ್ನು ಕರೆಸಿ ಪಂಚಾಯಿತಿ ಮಾಡಿದರು.

"ನೋಡು ಮಾಯಿಲಪ್ಪ, ನೀನು ಬರಬೇಡ ಅಂತ ನಾನು ಹೇಳೋದಿಲ್ಲ. ಬಾ. ಕುರ್ಚಿ ಕೊಡ್ತೇವೆ, ಚಾ ಕೊಡ್ತೇವೆ. ಬಾಯಿ ಮಾತ್ರ ಮನೇಲಿ ಇಟ್ಟು ಬಾ."

"ಮನೇಲಿ ಜಾಗ ಇಲ್ಲ" ಎಂದರು ಮಾಯಿಲಪ್ಪಣ್ಣ. "ಅಲ್ಲಿ ಗಂಗೆಯದ್ದು ಉಂಟು."

ಉತ್ತಯ್ಯನವರು ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕಾರ್ಯಕ್ರಮದ ಹತ್ತಿರವೂ ಸೇರಿಸುವುದಿಲ್ಲ ಎಂದರು. ಆಗ ಟವೆಲಿನ ಉಪಾಯ ಹೊಳೆದದ್ದು ಮಾಯಿಲಪ್ಪಣ್ಣನಿಗೇ. ಅವರಿಗೆ ಉತ್ತಯ್ಯನವರ ಹೆದರಿಕೆಗಿಂತ ತಮ್ಮ ಗಂಟಲಿನ ಹೆದರಿಕೆ ಜಾಸ್ತಿ. "ಬಾಯಿ ತೆರೆದ್ರೆ ಯಾವುದು ಹೊರಗೆ ಬರ್ತದೆ ಅಂತ ನಂಗೇ ಗೊತ್ತಿಲ್ಲ, ರೈಟ್ರಮ್ಮ."

ಆಮೇಲೆ ಇಡೀ ವರ್ಷ ಅವರು ಟವೆಲ್ ಕಟ್ಟಿಕೊಂಡೇ ಹಾಡು ಕೇಳಲು ಹೋದರು. ಶ್ರೀಮಂಗಲದಲ್ಲಿ ಪಕ್ಕದ ಅಜ್ಜಿಯೊಬ್ಬರು ಹಲ್ಲುನೋವೆಂದು ತಿಳಿದು ಸೆರಗಿನ ಗಂಟಿನಿಂದ ಲವಂಗ ತೆಗೆದು ಕೊಟ್ಟರಂತೆ. ಇನ್ನೊಂದು ಕಡೆ ಹಾಡುತ್ತಿದ್ದ ಹುಡುಗಿ ಮುಂದಿನ ಸಾಲಿನಲ್ಲಿ ಒಬ್ಬರು ಮೂಗು ಬಾಯಿ ಮುಚ್ಚಿಕೊಂಡದ್ದು ಕಂಡು, ಪಲ್ಲವಿ ನಿಲ್ಲಿಸಿ, "ಇಲ್ಲಿ ಎಲ್ಲೋ ಮೋರಿ ಒಡೆದಿದೆ ಅನ್ಸತ್ತೆ, ದಯವಿಟ್ಟು ಯಾರಾದ್ರೂ ನೋಡಿ" ಎಂದು ಮೈಕಿನಲ್ಲಿ ಹೇಳಿದಳಂತೆ. ಮೂವರು ಸ್ವಯಂಸೇವಕರು ಟಾರ್ಚ್ ಹಿಡಿದು ಮೋರಿ ಹುಡುಕಿದರು. ಮಾಯಿಲಪ್ಪಣ್ಣನೂ ಹೋಗಿ ಹುಡುಕಿದರು.

ಕೇಳಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆದರೆ ಲೆಕ್ಕ ಹಾಕಿದರೆ, ಅವರ ಸಿದ್ಧಾಂತದ ಪ್ರಕಾರ ಅವರು ಒಂದು ವರ್ಷದಿಂದ ಒಂದು ಹಾಡನ್ನೂ ಕೇಳಿಲ್ಲ. ಬರೀ ನೋಡಿದ್ದಾರೆ.

ಈ ಪಿಕ್ಕಿಂಗ್ ಶುರುವಾದ ಮೇಲೆ ನಾನು ಒಂದು ವಿಷಯ ಗಮನಿಸಿದೆ. ಅವರ ಕೂ ಈಗ ಮರದ ನೆತ್ತಿಯ ಮೇಲೆ ಕೂರುವುದಿಲ್ಲ. ಏಳುತ್ತದೆ, ತಕ್ಷಣ ಇಳಿಯುತ್ತದೆ. ಕೆಲಸಕ್ಕೆ ಅಷ್ಟು ಸಾಕು, ಜನ ಬಂದು ಸಾಲು ನಿಲ್ಲುತ್ತಾರೆ. ನನಗೆ ಮಾತ್ರ ಕಾಫಿಪುಡಿಯ ಡಬ್ಬ ಹಿಡಿದು ನಿಂತಾಗ, ಒಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟರೆ ಅದು ಇಲ್ಲದ ಹಾಗಾಗುತ್ತದೆ.

ಇವತ್ತು ದಿವ್ಯಾಳ ವ್ಯಾನು ಹೋಗಿ, ನಾನು ಬಟ್ಟೆ ನೆನೆಸುತ್ತಿದ್ದಾಗ ಮಾಯಿಲಪ್ಪಣ್ಣ ಹಿತ್ತಲ ಬಾಗಿಲಿಗೆ ಬಂದರು. ಟವೆಲ್ ಕುತ್ತಿಗೆಗೆ ಇಳಿದಿತ್ತು. ಮಗುವಿಗೆಂದು ಎರಡು ಕಿತ್ತಳೆ ಹಣ್ಣು ಕಟ್ಟೆಯ ಮೇಲಿಟ್ಟರು. ಇಟ್ಟವರು ಹೋಗಲಿಲ್ಲ.

"ಶನಿವಾರ ಸಂಘದ ಪ್ರೋಗ್ರಾಂ ಉಂಟು" ಎಂದರು.

"ಹೌದಲ್ಲ. ದಿವ್ಯಾಗೆ ಆಗ್ಲೇ ಮೂರು ಸ್ವೆಟರ್ ತೆಗೆದಿಟ್ಟಿದ್ದೀನಿ."

"ಅದೇ ತಂಡ ಬರ್ತದೆ. ಅವರೇ ಬರ್ತಾರೆ. ಸರ್ವಮಂಗಳ." ಕಿತ್ತಳೆಯನ್ನು ಸ್ವಲ್ಪ ಸರಿಸಿ ಇಟ್ಟರು. "ಇನ್ನು ಮುಂದೆ ಅವರು ಹಾಡ್ಲಿಕ್ಕೆ ಹೊರಡೋದಿಲ್ಲವಂತೆ. ಈ ವರ್ಷದ ಪ್ರೋಗ್ರಾಂಗಳೊಟ್ಟಿಗೆ ನಿಲ್ಲಿಸ್ತಾರಂತೆ. ಉತ್ತಯ್ಯ ಹೇಳಿದ."

ನಾನು ಸಾಬೂನು ಕೆಳಗಿಟ್ಟೆ.

"ಆ ಹಾಡು ಹಾಡ್ತಾರಾ?"

"ಹಾಡ್ತಾರೆ. ಯಾವಾಗಲೂ ಹಾಡ್ತಾರೆ. ಆದ್ರೆ ಒಂದು ಸಲ ಹಾಡಿ ಕೂತುಬಿಟ್ರೆ?" ಅವರ ಕೈ ತಾನಾಗಿಯೇ ಟವೆಲಿಗೆ ಹೋಯಿತು. "ಹೋದ ವರ್ಷ ನೋಡಿ ಆಯ್ತು. ಹಸಿರು ಸೀರೆ, ಗಂಡನ ಸ್ವೆಟರ್. ಈ ವರ್ಷವೂ ನೋಡ್ತೇನೆ. ಕೇಳೋದು ಯಾವಾಗ?"

"ಗಂಗಕ್ಕನಿಗೆ ಕೂಗೋಕೆ ಹೇಳಿ."

"ಹೇಳಿದೆ. 'ನಿಮಗೆ ಎಲ್ಲವನ್ನೂ ಎರಡೆರಡು ಸರ್ತಿ ಹೇಳಿ ನಂದು ಗಂಟಲು ಹೋಗಿದೆ, ಇನ್ನು ಊರಿನವರಿಗೂ ಹೇಳ್ಬೇಕಾ' ಅಂದ್ಲು."

"ನಮ್ಮವರು ಕೂಗ್ತಾರೆ. ಲೋಕೇಶ್."

ಮಾಯಿಲಪ್ಪಣ್ಣ ಗಾಬರಿಯಾದರು. "ಬೇಡ ಬೇಡ! ರೈಟ್ರು ಕೂಗಿದ್ರೆ ಹಾಜರಿ ಕರೆದ ಹಾಗೆ. ಲೈನಿನವರೆಲ್ಲ 'ಬಂದೆ ಸಾರ್' ಅಂತ ಏಳ್ತಾರೆ. ಕಾರ್ಯಕ್ರಮವೇ ಮುಗೀತು." ಅವರು ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತರು. "ನಿಮ್ಮದೊಂದು ಸ್ವರ ಉಂಟಲ್ಲ ರೈಟ್ರಮ್ಮ. ಸಂಜೆ ದಿವ್ಯಾಳನ್ನು ಸ್ನಾನಕ್ಕೆ ಕರೆಯೋದು."

ನಾನು ಯಾರ ಎದುರೂ ದನಿ ಎತ್ತಿ ಮಾತನಾಡಿದವಳಲ್ಲ ಎಂದೇ ತಿಳಿದುಕೊಂಡಿದ್ದೆ. "ಅದು ನಿಮಗೆ ಕೇಳಿಸತ್ತಾ?"

"ಬಂಡೆಯವರೆಗೆ ಬರ್ತದೆ. ಒಳ್ಳೆ ಸ್ವರ."

"ಅಯ್ಯೋ, ಆ ದನಿ ಕೇಳಿದ್ರೆ ಲೈನಿನ ಮಕ್ಕಳೆಲ್ಲ ಹೋಗಿ ಅಡಗ್ಕೋತವೆ, ಮಾಯಿಲಪ್ಪಣ್ಣ. ಎಲ್ಲ ಕುರ್ಚಿ ಕೆಳಗೆ ಸೇರ್ಕೊಂಡ್ರೆ?"

"ಸೇರಲಿ ಬಿಡಿ. ಅಡಗಿದವರು ಸಾಲು ನಿಲ್ಲೋದಿಲ್ಲವಲ್ಲ."

ಅವರು ಕುತ್ತಿಗೆಯ ಟವೆಲ್ ತೆಗೆದು, ಮಡಚಿ, ಮತ್ತೆ ಬಿಚ್ಚಿದರು. ಅಷ್ಟು ದೊಡ್ಡ ಮೇಸ್ತ್ರಿ, ಬಂಡೆ ಹತ್ತಿ ಒಂದು ಕೂ ಹಾಕಿ ಇಡೀ ತೋಟವನ್ನೇ ಏಳಿಸುವವರು, ನನ್ನ ಬಟ್ಟೆಯ ಬಕೆಟಿನ ಮುಂದೆ ದನಿ ಇಳಿಸಿ ನಿಂತಿದ್ದರು.

"ಗಂಟು ನೀವೇ ಹಾಕಿ, ಬಿಗಿಯಾಗಿ. ನಾನು ನಿಮ್ಮ ಪಕ್ಕದಲ್ಲೇ ಕೂರ್ತೇನೆ. ಮೊದಲನೇ ಸಲ ನೀವು ಏನೂ ಮಾಡ್ಬೇಡಿ, ಸುಮ್ಮನೆ ನೋಡಿ. ಹಾಡು ಮುಗಿದು ಅವರು ಮೈಕ್ ಕೆಳಗಿಡುವ ಮೊದಲು, ಅಷ್ಟರೊಳಗೆ, ಒಂದೇ ಒಂದು ಸಲ, ಆ ಸ್ನಾನದ ಸ್ವರದಲ್ಲಿ, ನನ್ನ ಪರವಾಗಿ ಒನ್ಸ್ ಮೋರ್ ಅಂತ ಕೂಗ್ತೀರಾ ರೈಟ್ರಮ್ಮ?"